ಮೊದಲು ಕಟರ್, ಆಮೇಲೆ ಗಡಿಯಾರ

ಮನೆಯಲ್ಲೇ ಲೋಲಕದ ಗಡಿಯಾರ ಮಾಡುತ್ತಿದ್ದೇನೆ ಎಂದರೆ ಜನ ಕೇಳುವ ಮೊದಲ ಪ್ರಶ್ನೆ, ‘ಚಕ್ರಗಳನ್ನು ಎಲ್ಲಿಂದ ತರಿಸುತ್ತೀರಿ?’ ಅವನ್ನೂ ನಾನೇ ಮಾಡುತ್ತೇನೆ ಎಂದು ಹೇಳಿದ ಮೇಲೆ ಎರಡನೆಯ ಪ್ರಶ್ನೆ ಬರುವುದಿಲ್ಲ, ಮಾತು ಬೇರೆ ಕಡೆಗೆ ಹೊರಳುತ್ತದೆ. ಬರಬೇಕಾದ ಎರಡನೆಯ ಪ್ರಶ್ನೆ, ‘ಹಲ್ಲು ಕೊರೆಯುವ ಕಟರ್ ಎಲ್ಲಿಂದ?’ ಎಂಬುದು. ನನ್ನ ಬಿಡುವಿನ ಭಾನುವಾರಗಳನ್ನು ನುಂಗಿದ್ದು ಗಡಿಯಾರವಲ್ಲ, ಆ ಕಟರ್.

ಗಡಿಯಾರದ ಲೆಕ್ಕ ಹಳೆಯದು, ಎಷ್ಟೋ ಕೈಗಳಲ್ಲಿ ಪಳಗಿದ್ದು. ದೊಡ್ಡ ಚಕ್ರಕ್ಕೆ 96 ಹಲ್ಲು, ನಡುಚಕ್ರಕ್ಕೆ 64, ಮೂರನೆಯದಕ್ಕೆ 60, ಕೊನೆಯ ಎಸ್ಕೇಪ್ ಚಕ್ರಕ್ಕೆ 30. ಮೊದಲ ಮೂರು ಚಕ್ರಗಳು ಮುಂದಿನ ದಂಡದ ಮೇಲಿರುವ 8 ಹಲ್ಲಿನ ಪಿನಿಯನ್ ಅನ್ನು, ಅಂದರೆ ಸಣ್ಣ ಹಲ್ಲುಚಕ್ರವನ್ನು, ತಿರುಗಿಸುತ್ತವೆ. 64ನ್ನು 8ರಿಂದ ಭಾಗಿಸಿದರೆ 8, 60ನ್ನು ಭಾಗಿಸಿದರೆ ಏಳೂವರೆ. ಎರಡನ್ನೂ ಗುಣಿಸಿದರೆ 60. ಅಂದರೆ ನಡುಚಕ್ರ ಗಂಟೆಗೊಂದು ಸುತ್ತು ಹಾಕುವಾಗ ಎಸ್ಕೇಪ್ ಚಕ್ರ ನಿಮಿಷಕ್ಕೊಂದು ಸುತ್ತು ಹಾಕುತ್ತದೆ. ಅದರ 30 ಹಲ್ಲುಗಳನ್ನು ಎರಡು ಸೆಕೆಂಡಿಗೊಂದರಂತೆ ಬಿಡುವುದು ಲೋಲಕದ ಕೆಲಸ. ದೊಡ್ಡ ಚಕ್ರ ಹನ್ನೆರಡು ಗಂಟೆಗೆ ಒಂದು ಸುತ್ತು. ಬಾಯಿಲೆಕ್ಕದಲ್ಲೇ ಮುಗಿಯುವಂಥದ್ದು.

ಇಲ್ಲೊಂದು ಮಾತು. ಇಂಗ್ಲೆಂಡಿನ ಪುಸ್ತಕಗಳಲ್ಲಿ ಈ ಲೋಲಕದ ಉದ್ದ 994 ಮಿ.ಮೀ. ಎಂದಿರುತ್ತದೆ. ಬೆಂಗಳೂರು ಭೂಮಧ್ಯರೇಖೆಗೆ ಹತ್ತಿರ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಗುರುತ್ವದ ಎಳೆತ ಲಂಡನ್ನಿಗಿಂತ ಒಂದಿಷ್ಟು ಕಡಿಮೆ. ನಮಗೆ ಬೇಕಾದದ್ದು 991 ಮಿ.ಮೀ. ಮೂರು ಮಿಲಿಮೀಟರ್ ಎಂದು ತಿರಸ್ಕರಿಸುವಂತಿಲ್ಲ, ದಿನಕ್ಕೆ ಎರಡು ನಿಮಿಷದ ವ್ಯತ್ಯಾಸ ಅದು. ಲೋಲಕದ ತಳದಲ್ಲಿ ತಿರುಪು ಇದ್ದೇ ಇರುತ್ತದೆ, ಸರಿಪಡಿಸಬಹುದು. ಹಲ್ಲುಗಳಿಗೆ ಆ ಭಾಗ್ಯವಿಲ್ಲ.

ಹಲ್ಲಿನ ಆಕಾರ ಯಾಕೆ ಅಷ್ಟು ಮುಖ್ಯ ಎಂದು ತೋರಿಸಲು ಇನ್ನೊಂದು ಲೆಕ್ಕ ಬೇಕು. ದೊಡ್ಡ ಚಕ್ರ ಒಂದು ಸುತ್ತು ಹಾಕುವಷ್ಟರಲ್ಲಿ ಎಸ್ಕೇಪ್ ಚಕ್ರ 720 ಸುತ್ತು ಹಾಕಿರುತ್ತದೆ. ವೇಗ 720 ಪಟ್ಟು ಏರಿದರೆ ತಿರುಗಿಸುವ ಬಲ 720 ಪಟ್ಟು ಇಳಿಯಲೇಬೇಕು. ನನ್ನ ಗಡಿಯಾರದ್ದು 4 ಕೆ.ಜಿ. ತೂಕದ ಗುಂಡು. ರಾಟೆಯಿಂದಾಗಿ ಹಗ್ಗದ ಮೇಲೆ ಬೀಳುವುದು ಅದರರ್ಧ; ಹಗ್ಗ ಸುತ್ತುವ ಡ್ರಮ್ಮಿನ ತ್ರಿಜ್ಯ 25 ಮಿ.ಮೀ. ಇದೆಲ್ಲ ದಾಟಿ 20 ಮಿ.ಮೀ. ತ್ರಿಜ್ಯದ ಎಸ್ಕೇಪ್ ಚಕ್ರದ ಹಲ್ಲಿನ ತುದಿಗೆ ಬಂದು ಸೇರುವುದು ಮೂರೂವರೆ ಗ್ರಾಂ. ಅದೂ ದಾರಿಯಲ್ಲಿ ಘರ್ಷಣೆಯೇ ಇಲ್ಲ ಎಂದುಕೊಂಡರೆ. ಯಾವುದೋ ಒಂದು ಹಲ್ಲು ಒರಟಾಗಿ ಕಚ್ಚಿಕೊಂಡರೆ ಆ ಮೂರೂವರೆ ಗ್ರಾಂ ಅಲ್ಲೇ ಮುಗಿಯಿತು, ಗಡಿಯಾರ ನಿಂತಿತು.

ನಮ್ಮ ಪೇಟೆಯಲ್ಲಿ ಗಿಯರ್ ಕಟರ್ ಸಿಗುವುದಿಲ್ಲ ಎಂದಲ್ಲ. ಎಸ್.ಪಿ. ರಸ್ತೆಯ ಆಸುಪಾಸಿನ ಅಂಗಡಿಗಳಲ್ಲಿ ಮಾಡ್ಯೂಲ್, ಅಂದರೆ ಹಲ್ಲಿನ ಗಾತ್ರದ ಅಳತೆ, ಹೇಳಿದರೆ ತೆಗೆದುಕೊಡುತ್ತಾರೆ. ಆದರೆ ಅವೆಲ್ಲ ಇನ್ವೊಲ್ಯೂಟ್ ಎಂಬ ಬಾಗು ಆಕಾರದವು. ಲೇತಿನ, ಸ್ಕೂಟರಿನ, ಪಂಪಿನ ಗಿಯರುಗಳಿಗೆ ಸರಿಯಾದವು. ಅಲ್ಲಿ ಸಾಮಾನ್ಯವಾಗಿ ಸಣ್ಣ ಗಿಯರ್ ದೊಡ್ಡದನ್ನು ತಿರುಗಿಸುತ್ತದೆ. ಗಡಿಯಾರದಲ್ಲಿ ಉಲ್ಟಾ, ದೊಡ್ಡ ಚಕ್ರವೇ ಎಂಟು ಹಲ್ಲಿನ ಸಣ್ಣದನ್ನು ನೂಕಬೇಕು. ಎಂಟೇ ಹಲ್ಲಿನ ಇನ್ವೊಲ್ಯೂಟ್ ಪಿನಿಯನ್ ಕೊರೆದರೆ ಹಲ್ಲಿನ ಬುಡ ಸವೆದು ಕುತ್ತಿಗೆ ಹಿಚುಕಿದಂತಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಎರಡು ಹಲ್ಲುಗಳು ಮಧ್ಯರೇಖೆಗೆ (ಎರಡು ಚಕ್ರಗಳ ಕೇಂದ್ರಗಳನ್ನು ಸೇರಿಸುವ ಗೆರೆಗೆ) ಬರುವ ಮೊದಲೇ ಒಂದಕ್ಕೊಂದು ತಾಗಿ ಎದುರುಬದುರು ಒತ್ತಿಕೊಳ್ಳುತ್ತವೆ. ಗಡಿಯಾರದವರು ಮುನ್ನೂರು ವರ್ಷಗಳಿಂದ ಸೈಕ್ಲಾಯ್ಡ್ ಜಾತಿಯ ಹಲ್ಲಿಗೆ ಅಂಟಿಕೊಂಡಿರುವುದು ಇದಕ್ಕಾಗಿ. ಬುಡ ಕೇಂದ್ರದ ಕಡೆಗೆ ನೇರ, ತುದಿ ಮಾತ್ರ ದುಂಡು. ತಾಗುವಿಕೆ ಹೆಚ್ಚುಪಾಲು ಮಧ್ಯರೇಖೆ ದಾಟಿದ ಮೇಲೆ ನಡೆಯುತ್ತದೆ. ಹಲ್ಲು ಹಲ್ಲನ್ನು ಒತ್ತುವುದಿಲ್ಲ, ಎಳೆದುಕೊಂಡು ಹೋಗುತ್ತದೆ. ಬ್ರಿಟಿಷ್ ಮಾನಕ 978ರ ಎರಡನೆಯ ಭಾಗ ಈ ಆಕಾರವನ್ನು ಸರಳ ವೃತ್ತಖಂಡಗಳಿಗೆ ಇಳಿಸಿ ಕೋಷ್ಟಕ ಮಾಡಿಕೊಟ್ಟಿದೆ. ಆ ಆಕಾರದ ಕಟರುಗಳನ್ನು ಹೊರದೇಶಗಳಿಂದ ತರಿಸಬಹುದು. ಬೆಲೆ, ಸಾಗಣೆ, ಸುಂಕ ಎಲ್ಲ ಸೇರಿ ಬಂದ ಮೊತ್ತವನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಕಾರ್ಖಾನೆಗೆ ಬೇಕಾದ ಉಪಕರಣ, ಅಚ್ಚು ಮಾಡುವ ಪೀಣ್ಯದ ಟೂಲ್ ರೂಮೊಂದರಲ್ಲಿ ಜೀವಮಾನ ಕಳೆದು ನಿವೃತ್ತರಾದ ಚಿಕ್ಕಪ್ಪ ನಮ್ಮಿಂದ ಎರಡು ರಸ್ತೆ ಆಚೆ ಇದ್ದಾರೆ. ಕೋಷ್ಟಕ ತೋರಿಸಿ, “ಚಿಕ್ಕಪ್ಪ, ಈ ಆಕಾರವನ್ನು ಗ್ರೈಂಡ್ ಮಾಡುವುದು ಹೇಗೆ?” ಎಂದು ಕೇಳಿದೆ. ಅವರು ಕನ್ನಡಕ ಏರಿಸಿ ಸ್ವಲ್ಪ ಹೊತ್ತು ನೋಡಿದರು.

“ಗ್ರೈಂಡ್ ಯಾಕೆ ಮಾಡುತ್ತೀಯಪ್ಪ? ಇದರಲ್ಲಿ ಇರುವುದು ಎರಡು ದುಂಡು, ಎರಡು ಗೆರೆ. ದುಂಡನ್ನು ಅಂಗಡಿಯಲ್ಲಿ ಕೊಂಡುಕೋ.”

ಅವರು ಹೇಳಿದ್ದು ಅರ್ಥವಾಗಲು ಒಂದು ಕಾಫಿಯಷ್ಟು ಹೊತ್ತು ಬೇಕಾಯಿತು. ಕಟರ್ ಎಂದರೆ ಎರಡು ಹಲ್ಲುಗಳ ನಡುವಿನ ಖಾಲಿ ಜಾಗದ ಪಡಿಯಚ್ಚು. ಹಲ್ಲಿನ ತುದಿ ಹೊರಕ್ಕೆ ದುಂಡಾಗಿದ್ದರೆ ಕಟರಿನ ಪಕ್ಕ ಒಳಕ್ಕೆ ದುಂಡಾಗಿರಬೇಕು. ಅಡ್ಡ ಕೊಯ್ದು ನೋಡಿದರೆ ತಲೆಕೆಳಗಾಗಿಟ್ಟ ಉದ್ದ ಕೊರಳಿನ ಹೂಜಿ. ಒಳದುಂಡನ್ನು ಕೈಯಿಂದ ಅರ ಹಾಕಿ ತರುವುದು ಅಸಾಧ್ಯ. ಆದರೆ ಲೇತಿನ ಮೇಲೆ ತಿರುಗುತ್ತಿರುವ ಬಿಲ್ಲೆಯ ಎರಡೂ ಪಕ್ಕಕ್ಕೆ ಗಟ್ಟಿಯಾದ ಎರಡು ದುಂಡು ಕಡ್ಡಿಗಳನ್ನು ಒತ್ತಿದರೆ, ಆ ಒಳದುಂಡು ತಾನಾಗಿ ಮೂಡುತ್ತದೆ. ಕಡ್ಡಿಯ ದುಂಡುತನವೇ ಹಲ್ಲಿನ ದುಂಡುತನ. ಮೂರು ಮಿಲಿಮೀಟರ್ ವ್ಯಾಸದ ಸಿಲ್ವರ್ ಸ್ಟೀಲ್ (ಹೆಸರಿಗಷ್ಟೇ ಬೆಳ್ಳಿ, ಇಂಗಾಲ ಹೆಚ್ಚಿರುವ ಉಕ್ಕು) ಕಡ್ಡಿ ಕಾರ್ಖಾನೆಯಿಂದಲೇ ಗ್ರೈಂಡ್ ಆಗಿ ಬರುತ್ತದೆ. ನನ್ನ ಮೈಕ್ರೋಮೀಟರಿನಲ್ಲಿ ಅದರ ಉದ್ದಕ್ಕೂ ಅಳೆದರೆ ಮುಳ್ಳುಗೆರೆ ಅಲುಗಲಿಲ್ಲ.

ನಾನು ಆರಿಸಿಕೊಂಡದ್ದು 0.8 ಮಾಡ್ಯೂಲ್. ಕೋಷ್ಟಕದ ಪ್ರಕಾರ ಚಕ್ರದ ಹಲ್ಲಿನ ದಪ್ಪ ಮಾಡ್ಯೂಲಿನ 1.57 ಪಟ್ಟು, ಪಿಚ್ ವೃತ್ತದಿಂದ (ಜೋಡಿ ಚಕ್ರಗಳು ಒಂದನ್ನೊಂದು ಮುಟ್ಟುವ ಲೆಕ್ಕದ ವೃತ್ತದಿಂದ) ಬುಡದವರೆಗಿನ ಆಳವೂ 1.57 ಪಟ್ಟು. ಎರಡೂ 1.26 ಮಿ.ಮೀ. ಆಗುತ್ತವೆ. ನೆನಪಿಡಬೇಕಾದ ಸಂಖ್ಯೆ ಒಂದೇ. ಕಡ್ಡಿಗಳ ನಡುವಿನ ಸಂದು 1.26, ಬಿಲ್ಲೆಯ ಅಂಚಿನಿಂದ ಕಡ್ಡಿಗಳ ಕೇಂದ್ರ ಇಳಿಯಬೇಕಾದ ಆಳ 1.26.

ಒಂದು ಕಬ್ಬಿಣದ ಚೌಕದಲ್ಲಿ, ಮಿಲ್ಲಿಂಗ್ ಯಂತ್ರದ ಮೇಜಿನ ಡಯಲ್ ನೋಡಿಕೊಂಡು, 4.26 ಮಿ.ಮೀ. ಅಂತರದಲ್ಲಿ ಎರಡು ರಂಧ್ರ ಕೊರೆದೆ. ಚೌಕವನ್ನು ಐದು ಡಿಗ್ರಿ ಓರೆಯಾಗಿ ಹಿಡಿದು ಕೊರೆಯಬೇಕು. ಆಗ ಕಡ್ಡಿಗಳು ಸ್ವಲ್ಪ ಬಾಗಿ ನಿಲ್ಲುತ್ತವೆ, ತುದಿಯ ಅಂಚು ಮಾತ್ರ ಕಡಿಯುತ್ತದೆ, ಕೆಳಗಿನ ಮೈ ಉಜ್ಜುವುದಿಲ್ಲ. ಐದು ಡಿಗ್ರಿ ಓರೆಯಿಂದ ದುಂಡು ಅಂಡಾಕಾರವಾಗುವುದಿಲ್ಲವೇ ಎಂದು ಕೇಳುವವರು ಇರುತ್ತಾರೆ. ಆಗುತ್ತದೆ, ಮೂರು ಮಿಲಿಮೀಟರಿನಲ್ಲಿ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು. ಅದನ್ನು ಕಂಡುಹಿಡಿಯಬಲ್ಲ ಉಪಕರಣ ನನ್ನ ಮನೆಯಲ್ಲಿ ಒಂದೇ, ಅದಕ್ಕೂ ಕಷ್ಟ.

ಇನ್ನು ಹದ. ಮೆಟ್ಟಿಲ ಕೆಳಗಿನ ನನ್ನ ಕೋಣೆಯಲ್ಲಿ ಕುಲುಮೆಯಿಲ್ಲ, ತಿದಿಯಿಲ್ಲ. ಗ್ಯಾಸ್ ಟಾರ್ಚ್ ಮತ್ತು ಬೆಂಕಿ ಇಟ್ಟಿಗೆ ನಾಲ್ಕು ಇವೆ. ಇಟ್ಟಿಗೆಗಳನ್ನು ಗೂಡಿನಂತೆ ಜೋಡಿಸಿ, ಸಂಜೆ ದೀಪ ಆರಿಸಿ ಕೆಲಸ ಮಾಡುವುದು ಒಳ್ಳೆಯದು. ಬೆಳಕಿದ್ದರೆ ಲೋಹದ ಬಣ್ಣ ಮೋಸ ಮಾಡುತ್ತದೆ. ಸಿಲ್ವರ್ ಸ್ಟೀಲಿಗೆ ಬೇಕಾದ ಕಾವು 780 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಉಕ್ಕು ತನ್ನ ಕಾಂತಗುಣ ಕಳೆದುಕೊಳ್ಳುವುದು ಸುಮಾರು 770ರಲ್ಲಿ. ಹೀಗಾಗಿ ತಂತಿಯ ತುದಿಗೆ ಕಟ್ಟಿದ ಒಂದು ಆಯಸ್ಕಾಂತವೇ ಉಷ್ಣಮಾಪಕ. ಕೆಂಪಗಾದ ಕಡ್ಡಿಯ ಹತ್ತಿರ ಹಿಡಿದಾಗ ಅದು ಎಳೆಯುವುದನ್ನು ನಿಲ್ಲಿಸಿದ ಮೇಲೆ ಇನ್ನೊಂದಿಷ್ಟು ಕಾಯಿಸಿ, ನೆಟ್ಟಗೆ ಎಣ್ಣೆಯಲ್ಲಿ ಇಳಿಸಬೇಕು. ಓರೆಯಾಗಿ ಇಳಿಸಿದರೆ ಒಂದು ಪಕ್ಕ ಮೊದಲು ತಣ್ಣಗಾಗಿ ಡೊಂಕಾಗುತ್ತದೆ. ಎಣ್ಣೆಯಿಂದ ಎತ್ತಿದ ಕಡ್ಡಿಯ ಮೇಲೆ ಅರ ಎಳೆದರೆ ಗಾಜಿನ ಮೇಲೆಳೆದಂತೆ ಜಾರಿತು.

ಆ ಸ್ಥಿತಿಯಲ್ಲಿ ಅದು ಗಟ್ಟಿ, ಆದರೆ ಪುಡಿಯಾಗುವಷ್ಟು ಬಿರುಸು. ಮೈಯನ್ನು ಉಜ್ಜಿ ಹೊಳಪು ಮಾಡಿ, ಹಿತ್ತಾಳೆ ಪುಡಿ ಹರಡಿದ ತಟ್ಟೆಯ ಮೇಲಿಟ್ಟು ಕೆಳಗಿನಿಂದ ನಿಧಾನ ಕಾಯಿಸಿದರೆ ಬಣ್ಣ ಹರಿಯುತ್ತದೆ. ಮೊದಲು ಒಣಹುಲ್ಲಿನ ತಿಳಿ ಹಳದಿ, ಅದು 220-230 ಡಿಗ್ರಿ. ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ಕಡಿಯುವ ಉಪಕರಣಕ್ಕೆ ತಿಳಿ ಹಳದಿಯಲ್ಲೇ ನಿಲ್ಲಿಸಬೇಕು. ನೀಲಿ ಚೆಂದ, ಗಡಿಯಾರದ ತಿರುಪುಗಳಿಗೆ ಅದನ್ನೇ ಬಳಸುತ್ತಾರೆ. ಚೆಂದವೆಂದು ಕಟರನ್ನು ಅಲ್ಲಿಯವರೆಗೆ ಬಿಟ್ಟರೆ ಅಂಚು ಬೇಗ ಸಾಯುತ್ತದೆ.

ಕಡ್ಡಿ ಉಪಕರಣ ಸಿದ್ಧವಾದ ಮೇಲೆ ಕಟರ್. 28 ಮಿ.ಮೀ. ವ್ಯಾಸದ ಸಿಲ್ವರ್ ಸ್ಟೀಲ್ ಬಿಲ್ಲೆ, ನಡುವೆ ರಂಧ್ರ, ಅಂಚಿನ ಸುತ್ತ 1.26 ದಪ್ಪದ ತೆಳು ಪಟ್ಟಿ. ಸುತ್ತಲೂ ಒಂದೇ ಎತ್ತರದ ಬಿಲ್ಲೆ ಏನನ್ನೂ ಕಡಿಯುವುದಿಲ್ಲ, ಉಜ್ಜುತ್ತದೆ. ಪ್ರತಿ ಹಲ್ಲಿನ ಮುಂಭಾಗ ಎತ್ತರ, ಹಿಂಭಾಗ ತಗ್ಗು ಆಗಬೇಕು, ಅದೂ ಆಕಾರ ಕೆಡದಂತೆ. ಇದಕ್ಕಿರುವ ಉಪಾಯ ನನಗೆ ಇಡೀ ಕೆಲಸದಲ್ಲೇ ಅತಿ ಇಷ್ಟವಾದದ್ದು. ಬಿಲ್ಲೆಯಲ್ಲಿ ನಾಲ್ಕು ಕಚ್ಚು ಹಾಕಿ ನಾಲ್ಕು ಹಲ್ಲು ಮಾಡಿಕೊಳ್ಳುವುದು. ಆಮೇಲೆ ಕೇಂದ್ರದಿಂದ ಸ್ವಲ್ಪ ಸರಿದ ಒಂದು ಮೊಳೆಯ ಮೇಲೆ ಅದನ್ನು ಕೂರಿಸುವುದು. ಆಗ ತಿರುಗುವಾಗ ಒಂದು ಹಲ್ಲು ಮಾತ್ರ ಹೊರಗೆ ಬರುತ್ತದೆ. ಅದರ ಮುಂದಿನ ತುದಿ ಒಂದು ತ್ರಿಜ್ಯದಲ್ಲಿ, ಹಿಂದಿನ ತುದಿ ಇನ್ನೊಂದರಲ್ಲಿ ಸುತ್ತುತ್ತದೆ. ಕಡ್ಡಿ ಉಪಕರಣವನ್ನು ಡಯಲಿನ ಗೊತ್ತಾದ ಗೆರೆಯವರೆಗೆ ಒತ್ತಿ, ಹಿಂದೆಗೆದು, ಬಿಲ್ಲೆಯನ್ನು ಕಾಲು ಸುತ್ತು ತಿರುಗಿಸಿ ಪಿನ್ ಹಾಕಿ, ಮತ್ತೆ ಅದೇ ಗೆರೆಯವರೆಗೆ ಒತ್ತುವುದು. ನಾಲ್ಕು ಹಲ್ಲಿಗೂ ಅದೇ ಗೆರೆ. ಲೇತಿಗೆ ಗೊತ್ತಿರುವುದು ದುಂಡಗೆ ತಿರುಗಿಸುವುದೊಂದೇ. ಕೇಂದ್ರವನ್ನು ಸರಿಸಿಬಿಟ್ಟರೆ ಅದೇ ದುಂಡು ಇಳಿಜಾರಾಗುತ್ತದೆ. ಮುಂದೆ ಅಂಚು ಮೊಂಡಾದಾಗ ಮುಂಭಾಗವನ್ನು ಎಣ್ಣೆಕಲ್ಲಿನ ಮೇಲೆ ತಿಕ್ಕಿದರಾಯಿತು, ಆಕಾರ ಬದಲಾಗುವುದಿಲ್ಲ.

ಕಚ್ಚುಗಳ ಮೇಲೆ ಲೇತ್ ಓಡಿಸುವಾಗ ಟಕಟಕ ಸದ್ದು ವಿಪರೀತ. ಮೊದಲ ಸಂಜೆ ಮೇಲಿನ ಮನೆಯವರು ಕೆಳಗಿಳಿದು ಬಂದು ನೀರಿನ ಪಂಪ್ ಕೆಟ್ಟಿದೆಯೇ ಎಂದು ವಿಚಾರಿಸಿದರು.

ಕಟರ್ ಹದಗೊಂಡು ಹೊರಬಂದದ್ದು ನವರಾತ್ರಿಯ ಹೊತ್ತಿಗೆ. ಆಯುಧಪೂಜೆಯ ದಿನ ಅಮ್ಮ ಲೇತಿಗೆ, ಮೈಕ್ರೋಮೀಟರಿನ ಪೆಟ್ಟಿಗೆಗೆ, ಕಟರಿಗೆ, ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ ಹೂವಿಟ್ಟರು. ಇಂಗಾಲದ ಉಕ್ಕಿಗೆ ಒದ್ದೆ ಕುಂಕುಮ ಆಗಿಬರುವುದಿಲ್ಲ. ಅಮ್ಮನಿಗೆ ಅದನ್ನು ಹೇಳುವಂತಿಲ್ಲ. ಮರುದಿನ ಬೆಳಿಗ್ಗೆ ಮೊದಲು ಎದ್ದವನು ನಾನು, ಮೊದಲು ಹುಡುಕಿದ್ದು ಎಣ್ಣೆ ಬಟ್ಟೆ.

ಕಟರ್ ಇದ್ದರೆ ಸಾಲದು, ಸುತ್ತನ್ನು ಸಮನಾಗಿ ಹಂಚಬೇಕು. ಅದಕ್ಕೆ ಡಿವೈಡಿಂಗ್ ಹೆಡ್ ಇದೆ, ಹಳೆಯದು, ಚಿಕ್ಕಪ್ಪನ ಮೂಲಕ ಬಂದದ್ದು. ಹಿಡಿಕೆಯನ್ನು 40 ಸುತ್ತು ತಿರುಗಿಸಿದರೆ ಒಳಗಿನ ದಂಡ ಒಂದು ಸುತ್ತು ತಿರುಗುತ್ತದೆ. ಹಿಡಿಕೆಯ ಹಿಂದೆ ರಂಧ್ರಗಳ ವೃತ್ತಗಳಿರುವ ಫಲಕ. 64 ಹಲ್ಲಿಗೆ ಪ್ರತಿ ಸಲ 40/64 ಸುತ್ತು, ಅಂದರೆ 16 ರಂಧ್ರದ ವೃತ್ತದಲ್ಲಿ 10 ರಂಧ್ರ. 60ಕ್ಕೆ 15ರ ವೃತ್ತದಲ್ಲಿ 10. ಸರಾಗ. 96ಕ್ಕೆ ಬಂದಾಗ 40/96, ಅಂದರೆ 5/12. ಹನ್ನೆರಡರಿಂದ ಭಾಗವಾಗುವ ವೃತ್ತ ಬೇಕು. ನನ್ನಲ್ಲಿದ್ದ ಮೂರು ಫಲಕಗಳ ವೃತ್ತಗಳು 15ರಿಂದ 20, ಆಮೇಲೆ 21, 23, 27, 29, 31, 33, ಕೊನೆಯದರಲ್ಲಿ 37, 39, 41, 43, 47, 49. ಇದು ಬ್ರೌನ್ ಅಂಡ್ ಶಾರ್ಪ್ ಪದ್ಧತಿಯ ಫಲಕಗಳ ಪ್ರಸಿದ್ಧ ಕೊರತೆ. ಐವತ್ತರವರೆಗಿನ ಎಲ್ಲ ಸಂಖ್ಯೆ, ಅಲ್ಲಿಂದ ನೂರರವರೆಗಿನ ಎಲ್ಲ ಸಮಸಂಖ್ಯೆಗಳನ್ನು ಇವು ಹಂಚಬಲ್ಲವು, 96 ಒಂದನ್ನು ಬಿಟ್ಟು. ಗಡಿಯಾರಕ್ಕೆ ಬೇಕಾದದ್ದು ಸರಿಯಾಗಿ ಅದೇ.

“ಹಾಗಾದರೆ 24 ರಂಧ್ರದ ಫಲಕ ಮಾಡಿಕೋ,” ಎಂದರು ಚಿಕ್ಕಪ್ಪ.

“ಅದನ್ನು ಹಂಚುವುದು ಯಾವುದರಿಂದ?”

“ಇದರಿಂದಲೇ.”

ಹೌದಲ್ಲ! 40ನ್ನು 24ರಿಂದ ಭಾಗಿಸಿದರೆ ಒಂದು ಮತ್ತು ಮೂರನೇ ಎರಡು. 15ರ ವೃತ್ತದಲ್ಲಿ ಒಂದು ಪೂರ್ಣ ಸುತ್ತು, ಮೇಲೆ 10 ರಂಧ್ರ. ಯಂತ್ರ ತನಗೆ ಇಲ್ಲದ ಫಲಕವನ್ನು ತಾನೇ ಹಡೆಯಿತು. ಆಮೇಲೆ ಲೆಕ್ಕ ಹಾಕಿ ನೋಡಿದರೆ 24ರ ವೃತ್ತವೊಂದೇ ಇಡೀ ಗಡಿಯಾರಕ್ಕೆ ಸಾಕು. 96 ಹಲ್ಲಿಗೆ 10 ರಂಧ್ರ, 64ಕ್ಕೆ 15, 60ಕ್ಕೆ 16, 30ಕ್ಕೆ ಒಂದು ಸುತ್ತು ಮತ್ತು 8 ರಂಧ್ರ, 8 ಹಲ್ಲಿನ ಪಿನಿಯನ್ನಿಗೆ ಐದು ಪೂರ್ಣ ಸುತ್ತು. ಹಳೆಯ ಫಲಕಗಳನ್ನು ಗ್ರೀಸ್ ಹಚ್ಚಿ ಮೇಲಿಟ್ಟೆ.

ಮನೆಯಲ್ಲಿ ಕೊರೆದ ಫಲಕ ಎಷ್ಟು ನಂಬಿಕೆಗೆ ಯೋಗ್ಯ ಎಂಬ ಅನುಮಾನಕ್ಕೆ ಆ 40ರಲ್ಲೇ ಉತ್ತರವಿದೆ. ನನ್ನ ಫಲಕದ ವೃತ್ತದ ತ್ರಿಜ್ಯ 40 ಮಿ.ಮೀ. ಒಂದು ರಂಧ್ರ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಸರಿದಿದೆ ಎಂದಿಟ್ಟುಕೊಳ್ಳೋಣ; ಕಣ್ಣಿಗೆ ಕಾಣುವಷ್ಟು ದೊಡ್ಡ ದೋಷ. ಹಿಡಿಕೆಯಿಂದ ದಂಡಕ್ಕೆ ಹೋಗುವಾಗ ಅದು 40ರಿಂದ ಭಾಗವಾಗುತ್ತದೆ. 96 ಹಲ್ಲಿನ ಚಕ್ರದ ಅಂಚಿನಲ್ಲಿ ಉಳಿಯುವುದು 0.0024 ಮಿ.ಮೀ. ಅಷ್ಟು ಸಣ್ಣದನ್ನು ಗಡಿಯಾರ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಅಗ್ಗದ ಸಣ್ಣ ಲೇತಿನಲ್ಲಿ, ಬ್ಯಾಂಕಿನ ನೌಕರಿಯವನೊಬ್ಬ ಗಡಿಯಾರದ ಚಕ್ರ ಮಾಡಬಹುದಾದರೆ ಅದು ಕೈಚಳಕದಿಂದಲ್ಲ. ಕಷ್ಟದ ಆಕಾರವನ್ನು ಕೊಂಡುತಂದ ದುಂಡು ಕಡ್ಡಿಗೆ ವಹಿಸಿಬಿಡುವುದು, ಉಳಿದ ದೋಷವನ್ನು ಹೆಡ್ಡಿನೊಳಗಿನ 40ರ ಗಿಯರಿಗೆ ಭಾಗಿಸಲು ಬಿಡುವುದು. ಟೂಲ್ ರೂಮಿನವರಿಗೆ ಇದು ಅಕ್ಷರಾಭ್ಯಾಸ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಶುರು ಮಾಡಿದ ಊರಿನಲ್ಲಿ ಇದನ್ನು ಬಲ್ಲವರು ಈಗಲೂ ಬೀದಿಗೊಬ್ಬರು ಸಿಗುತ್ತಾರೆ, ಕೇಳುವವರು ಕಡಿಮೆ.

ಹಿತ್ತಾಳೆಯ ವಿಷಯದಲ್ಲಿ ಮಾತ್ರ ಹಟ ಬೇಕು. ಹಾಳೆ ಕೊಳ್ಳಲು ಹೋದರೆ ಕೊಡುವುದು ಸಾಮಾನ್ಯವಾಗಿ ಪಾತ್ರೆ ಬಡಿಯುವ ಮೆದು ಹಿತ್ತಾಳೆ. ಬಗ್ಗಿಸಲು ಅದು ಸೊಗಸು. ಕಟರಿಗೆ ಮಾತ್ರ ಅಂಟುತ್ತದೆ, ಹಲ್ಲಿನ ಅಂಚಿನಲ್ಲಿ ಬರ್, ಅಂದರೆ ಚೂಪು ಸಿಬಿರು, ಎಬ್ಬಿಸುತ್ತದೆ. ಒಂದಿಷ್ಟು ಸೀಸ ಬೆರೆತ, ಟರ್ನಿಂಗ್‌ಗೆ ಬಳಸುವ ಹಿತ್ತಾಳೆಯಾದರೆ ಚೂರು ಪುಡಿಪುಡಿಯಾಗಿ ಉದುರುತ್ತದೆ. ಅದು ಹೆಚ್ಚಾಗಿ ದುಂಡು ಸರಳಾಗಿ ಸಿಗುತ್ತದೆ, ತೂಕದ ಲೆಕ್ಕ. ಕೊನೆಗೆ ನಾನು ದಪ್ಪ ಸರಳಿನ ತುಂಡುಗಳನ್ನು ತಂದು ಬಿಲ್ಲೆ ಬಿಲ್ಲೆಯಾಗಿ ಕೊಯ್ದುಕೊಂಡೆ. ಅರ್ಧ ಹಣ ಗರಗಸದ ಪುಡಿಯಾಗಿ ನೆಲಕ್ಕೆ ಹೋಯಿತು. ಗುಡಿಸಿ ಡಬ್ಬಿಯಲ್ಲಿಟ್ಟಿದ್ದೇನೆ, ಗುಜರಿಯವನು ತೆಗೆದುಕೊಳ್ಳುತ್ತಾನೆ.

ಬಿಲ್ಲೆಯ ಹೊರವ್ಯಾಸಕ್ಕೆ ಸೂತ್ರ ಸುಲಭ: ಹಲ್ಲುಗಳ ಸಂಖ್ಯೆಗೆ 2.76 ಕೂಡಿಸಿ ಮಾಡ್ಯೂಲಿನಿಂದ ಗುಣಿಸಬೇಕು. 64 ಹಲ್ಲಿನದು 53.4 ಮಿ.ಮೀ., 60ರದು 50.2, 96ರದು 79. ಬಿಲ್ಲೆಯನ್ನು ಯಾವ ಅರ್ಬರಿನ (ಬಿಲ್ಲೆಯನ್ನು ಹಿಡಿಯುವ ದಂಡದ) ಮೇಲೆ ಈ ಅಳತೆಗೆ ತಿರುಗಿಸಿದೆವೋ ಅದೇ ಅರ್ಬರಿನಲ್ಲಿ, ಬಿಚ್ಚದೆ, ಡಿವೈಡಿಂಗ್ ಹೆಡ್ಡಿಗೆ ಒಯ್ಯಬೇಕು. ಹಿಂದೆ ಒಂದು ಬೇಡದ ಬಿಲ್ಲೆ ಸೇರಿಸಿದರೆ ಬರ್ ಅದರ ಪಾಲಾಗುತ್ತದೆ.

ಕಟರಿನ ನಡುಗೆರೆ ಚಕ್ರದ ಕೇಂದ್ರದ ಎತ್ತರಕ್ಕೆ ಕೂದಲೆಳೆಯಷ್ಟೂ ತಪ್ಪದೆ ನಿಲ್ಲಬೇಕು, ಇಲ್ಲದಿದ್ದರೆ ಎಲ್ಲ ಹಲ್ಲುಗಳೂ ಒಂದೇ ಕಡೆಗೆ ವಾಲುತ್ತವೆ. ಹೆಡ್ಡಿಗೆ ಚೂಪು ಸೆಂಟರ್ ಹಾಕಿ, ಭೂತಗನ್ನಡಿಯಲ್ಲಿ ನೋಡುತ್ತ ಕಟರನ್ನು ಅದರ ಮೊನೆಗೆ ತಂದೆ. ಆಮೇಲೆ ಒಂದು ಬೇಡದ ಬಿಲ್ಲೆಯಲ್ಲಿ ಕಚ್ಚು ಹಾಕಿ, ಬಿಲ್ಲೆಯನ್ನು ಮಗುಚಿ ಹಾಕಿ, ಅದೇ ಕಚ್ಚಿನಲ್ಲಿ ಕಟರ್ ಕೂರುತ್ತದೆಯೇ ನೋಡಿದೆ. ವಾಲಿದ್ದರೆ ಮಗುಚಿದಾಗ ಆಚೆ ವಾಲುತ್ತದೆ, ಕೂರುವುದಿಲ್ಲ. ಅಕ್ಷರಶಃ ಸುಳ್ಳು ಹೇಳಲಾಗದ ಪರೀಕ್ಷೆ.

ಆಳಕ್ಕೂ ಒಂದು ಸಾಕ್ಷಿ ಇದೆ. ಲೆಕ್ಕದ ಪ್ರಕಾರ 2.36 ಮಿ.ಮೀ. ಮೊದಲು ಸ್ವಲ್ಪ ಕಡಿಮೆ ಆಳಕ್ಕೆ ಅಕ್ಕಪಕ್ಕ ಎರಡು ಕಚ್ಚು ಹಾಕಿದರೆ ನಡುವಿನ ಹಲ್ಲಿನ ನೆತ್ತಿಯಲ್ಲಿ ಲೇತಿನ ಹಳೆಯ ಮೈಯ ಒಂದು ಚಪ್ಪಟೆ ಪಟ್ಟಿ ಉಳಿಯುತ್ತದೆ. ಆಳ ಹೆಚ್ಚಿಸುತ್ತ ಹೋದಂತೆ ಪಟ್ಟಿ ಕಿರಿದಾಗುತ್ತದೆ. ಎರಡು ದುಂಡುಗಳು ಕೂಡಿ ಪಟ್ಟಿ ಮಾಯವಾಗುವ ಗಳಿಗೆಯಲ್ಲಿ ನಿಲ್ಲಿಸಿ ಡಯಲನ್ನು ಬಿಗಿಯಬೇಕು. ಅಲ್ಲಿಂದ ಮುಂದೆ ಯೋಚನೆ ಬೇಡ, ನಿಮಿಷಕ್ಕೆ ಸುಮಾರು 800 ಸುತ್ತಿನಲ್ಲಿ ಕಟರ್ ಓಡಿಸಿ ಒಂದೇ ಎಳೆತಕ್ಕೆ ಪೂರ್ತಿ ಆಳ. ಎಣಿಕೆಯನ್ನು ತಲೆಗೆ ಕೊಡಬಾರದು. ಫಲಕದ ಮೇಲೆ ಎರಡು ತೋಳುಗಳಿವೆ, 64ರ ಚಕ್ರಕ್ಕೆ ಅವನ್ನು 15 ಅಂತರಕ್ಕೆ, ಅಂದರೆ ಹೊರಟ ರಂಧ್ರವೂ ಸೇರಿ 16 ರಂಧ್ರಕ್ಕೆ, ಹೊಂದಿಸಿದರೆ ಬೆರಳಿಗೆ ದಾರಿ ಗೊತ್ತಾಗುತ್ತದೆ. ಹಿಡಿಕೆಯನ್ನು ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಬೇಕು. ದಾಟಿಹೋದರೆ ಚೆನ್ನಾಗಿ ಹಿಂದೆ ಹೋಗಿ ಮತ್ತೆ ಬರಬೇಕು. ನಡುವೆ ವಿದ್ಯುತ್ ಹೋದರೆ? ಹೋಯಿತು. ಏನೂ ಆಗುವುದಿಲ್ಲ. ಪಿನ್ ಯಾವ ರಂಧ್ರದಲ್ಲಿತ್ತೋ ಅಲ್ಲೇ ಇರುತ್ತದೆ. ಕಟರನ್ನು ಹಿಂದಕ್ಕೆ ಎಳೆದಿಟ್ಟು ಊಟ ಮುಗಿಸಿ ಬಂದೆ. ಕೊನೆಯ ಕಚ್ಚು ಮೊದಲಿನ ಹಲ್ಲಿನ ಪಕ್ಕಕ್ಕೆ ಬಂದು ಅಷ್ಟೇ ದಪ್ಪದ ಹಲ್ಲನ್ನು ಉಳಿಸಿದಾಗ ಒಬ್ಬನೇ ಇದ್ದರೂ ‘ಭಲೇ’ ಎಂದೆ.

ಪಿನಿಯನ್ ಬೇರೆಯೇ ಸ್ವಭಾವ. ಎಂಟು ಎಲೆಗಳ (ಪಿನಿಯನ್ನಿನ ಹಲ್ಲಿಗೆ ಎಲೆ ಎನ್ನುತ್ತಾರೆ) ಉಕ್ಕಿನ ಮೊಗ್ಗು, ಹೊರವ್ಯಾಸ 7.8 ಮಿ.ಮೀ. ಆಸುಪಾಸು, ಎಲೆಯ ದಪ್ಪ 0.84. ಇದಕ್ಕೆ ಬೇರೆ ಕಟರ್ ಬೇಕು, ಏಕೆಂದರೆ ಎಲೆಗಳ ಪಕ್ಕಗಳು ಕೇಂದ್ರದ ಕಡೆಗೆ ಸಾಗುತ್ತವೆ, ನಡುವಿನ ಜಾಗ ಬೆಣೆಯ ಆಕಾರದ್ದು. ಚಿಕ್ಕಪ್ಪ ಇಲ್ಲಿ ಲಾಟೀನು ಪಿನಿಯನ್ ಮಾಡು ಎಂದರು: ಎರಡು ಹಿತ್ತಾಳೆ ಬಿಲ್ಲೆಗಳ ನಡುವೆ ಎಂಟು ಗಟ್ಟಿ ಕಡ್ಡಿಗಳನ್ನು ನಿಲ್ಲಿಸಿದರೆ ಮುಗಿಯಿತು, ಕಟರೇ ಬೇಡ. ಹಳೆಯ ಅಮೆರಿಕನ್ ಗೋಡೆ ಗಡಿಯಾರಗಳಲ್ಲಿ ಅವೇ ಇರುತ್ತವೆ, ಚೆನ್ನಾಗಿಯೇ ಓಡುತ್ತವೆ. ಅವರ ಮಾತು ಸರಿಯಾಗಿತ್ತು. ನಾನು ಕೇಳಲಿಲ್ಲ, ಕೊರೆದ ಪಿನಿಯನ್ನಿನ ಅಂದ ನನ್ನನ್ನು ಆಗಲೇ ಹಿಡಿದುಬಿಟ್ಟಿತ್ತು.

ಸರಳಿನ ತುದಿಯಲ್ಲಿ ಮೊದಲು ಎಲೆಗಳನ್ನು ಕೊರೆದು, ಆಮೇಲೆ ಬೇಡದ ಭಾಗವನ್ನು ದಂಡದ ಗಾತ್ರಕ್ಕೆ ಇಳಿಸುವುದು ಕ್ರಮ. ತೆಳು ದಂಡ ಮಾಡಿಕೊಂಡು ಅದರ ಮೇಲೆ ಕೊರೆಯಲು ಹೋದರೆ ನಡು ಬಳುಕುತ್ತದೆ. ಉಕ್ಕಿನ ಮೇಲೆ ಮನೆಯಲ್ಲಿ ಹದ ಹಾಕಿದ ಕಟರ್ ಓಡಿಸಬೇಕಾದದ್ದು ನಿಮಿಷಕ್ಕೆ 150 ಸುತ್ತಿನಲ್ಲಿ, ಎಣ್ಣೆ ಹನಿಸುತ್ತ. ಅವಸರ ಮಾಡಿದರೆ ಅಂಚು ಕಾದು ಹದ ಹೋಗುತ್ತದೆ. ಕೊರೆದ ಪಿನಿಯನ್ನಿಗೆ ಮತ್ತೆ ಬೆಂಕಿಯ ಸಂಸ್ಕಾರ. ಕರಿ ಕಟ್ಟದಂತೆ ಸೋಪು ಬಳಿದು, ಕಬ್ಬಿಣದ ತಂತಿ ಸುತ್ತಿ ಕಾಯಿಸಿದೆ. ಆಮೇಲೆ ಮೆದು ಮರದ ಕಡ್ಡಿಯನ್ನು ಬೆಣೆಯಾಗಿ ಕೆತ್ತಿ, ಎಣ್ಣೆಯಲ್ಲಿ ಕಲಸಿದ ಪಾಲಿಶ್ ಪುಡಿ ಹಚ್ಚಿ, ಎಲೆಯ ಸಂದಿನಲ್ಲಿ ಹಿಂದೆ ಮುಂದೆ ಉಜ್ಜುವುದು. ಮರ ತಾನೇ ಸವೆದು ಆ ಸಂದಿನ ಆಕಾರ ಪಡೆಯುತ್ತದೆ. ದೂರದರ್ಶನದಲ್ಲಿ ಕ್ರಿಕೆಟ್ ಇದ್ದರೆ ಈ ಕೆಲಸ ಸಲೀಸು.

ಚಕ್ರಗಳ ಒಳಗನ್ನು ಕತ್ತರಿಸಿ ಐದು ಕಡ್ಡಿ ಬಿಡುವುದಕ್ಕೆ ನಗರತ್‌ಪೇಟೆಯಿಂದ ಅಕ್ಕಸಾಲಿಗರ ಗರಗಸ ತಂದೆ. ಅದರ ಅಲಗುಗಳು ಡಜನ್ ಲೆಕ್ಕದಲ್ಲಿ ಸಿಗುತ್ತವೆ, ಅದೇ ಲೆಕ್ಕದಲ್ಲಿ ಮುರಿಯುತ್ತವೆ.

ಚಕ್ರ ಪಿನಿಯನ್ನುಗಳನ್ನು ಜೋಡಿಸುವ ದೂರ ಲೆಕ್ಕದಲ್ಲಿ ಬರುತ್ತದೆ: 64 ಮತ್ತು 8 ಕೂಡಿಸಿ 0.8ರಿಂದ ಗುಣಿಸಿ ಅರ್ಧ ಮಾಡಿದರೆ 28.8 ಮಿ.ಮೀ.; 60ರ ಜೋಡಿಗೆ 27.2; 96ರದಕ್ಕೆ 41.6. ಗಡಿಯಾರದ ಚೌಕಟ್ಟಿನ ಫಲಕದ ಮೇಲೆ ಈ ಅಳತೆಗೆ ನೇರವಾಗಿ ರಂಧ್ರ ಕೊರೆಯುವವರಿದ್ದಾರೆ. ಗಡಿಯಾರದವರು ಡೆಪ್ತಿಂಗ್ ಉಪಕರಣದಲ್ಲಿ ಎರಡನ್ನೂ ಎದುರುಬದುರು ಹಿಡಿದು, ಬೆರಳಿನಿಂದ ತಿರುಗಿಸುತ್ತ ತಿರುಪಿನಿಂದ ಹತ್ತಿರ ತರುತ್ತಾರೆ. ಆಳ ಹೆಚ್ಚಾದರೆ ಗೊರಗೊರ ಅನ್ನುತ್ತದೆ, ಕಡಿಮೆಯಾದರೆ ಹಲ್ಲಿನಿಂದ ಹಲ್ಲಿಗೆ ಬೀಳುವ ಸಣ್ಣ ಟಿಕ್ಕು ಬೆರಳಿಗೆ ಗೊತ್ತಾಗುತ್ತದೆ. ನಡುವೆ ಒಂದು ಜಾಗದಲ್ಲಿ ಏನೂ ಗೊತ್ತಾಗುವುದಿಲ್ಲ, ಅದೇ ಜಾಗ. ನನ್ನ ಮೊದಲ ಜೋಡಿ ಹೀಗೆ ಕೂತಾಗ ಅಳೆದರೆ 28.85 ಬಂತು. ಕೋಷ್ಟಕವೂ ಕೈಯೂ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಲ್ಲಿ ಒಪ್ಪಿಕೊಂಡವು. ನಾನು ಕೈಯ ಮಾತು ಕೇಳಿ ಅಲ್ಲೇ ಗೆರೆ ಹಾಕಿದೆ.

ಎಸ್ಕೇಪ್ ಚಕ್ರಕ್ಕೆ ಒಂಟಿ ಹಲ್ಲಿನ ಕಟರ್ ಸಾಕಾಯಿತು. ಅದರ ಹಲ್ಲು ಯಾವ ಪಿನಿಯನ್ನನ್ನೂ ನೂಕುವುದಿಲ್ಲ, ತುದಿ ಮಾತ್ರ ಆಂಕರಿನ, ಅಂದರೆ ಲೋಲಕದ ಜೊತೆ ತೂಗುವ ಕೊಕ್ಕೆಯ, ಮೇಲೆ ಕೂತು ಜಾರುತ್ತದೆ. ಹೀಗಾಗಿ ಮುಂಭಾಗ ಕೆಲವು ಡಿಗ್ರಿ ಒಳಕ್ಕೆ ಕೊರೆದಿರಬೇಕು. ಸೈಕ್ಲಾಯ್ಡೂ ಇಲ್ಲ, ಕಡ್ಡಿಯೂ ಇಲ್ಲ. ಇಷ್ಟೆಲ್ಲ ಮಾಡಿದವನಿಗೆ ಅದು ರಜೆಯಂತಿತ್ತು.

ಲೋಲಕವಿಲ್ಲದೆ, ಎಸ್ಕೇಪ್ ಚಕ್ರಕ್ಕೆ ತಡೆಯಿಲ್ಲದೆ, ಡ್ರಮ್ಮಿಗೆ ಒಂದು ಸಣ್ಣ ಬೀಗದಕೈ ಗೊಂಚಲು ಕಟ್ಟಿ ಬಿಟ್ಟಾಗ ಇಡೀ ಸಾಲು ತಿರುಗಿತು. ಬಿಟ್ಟು ಬಿಟ್ಟು ಅಲ್ಲ, ಒಂದೇ ಸಮನೆ. ಚಿಕ್ಕಪ್ಪ ಗೊಂಚಲಿನಿಂದ ಒಂದೊಂದೇ ಬೀಗದಕೈ ತೆಗೆಯುತ್ತ ಎಲ್ಲಿ ನಿಲ್ಲುತ್ತದೆ ಎಂದು ನೋಡಿದರು. ಕೊನೆಗೆ ಗೊಂಚಲಿನ ಬಳೆ ಮತ್ತು ಎರಡು ಬೀಗದಕೈಗಳು ಉಳಿದಾಗ ನಿಂತಿತು. “ಲಾಟೀನಾಗಿದ್ದರೂ ಇಷ್ಟೇ ಓಡುತ್ತಿತ್ತು,” ಎಂದು ಹೇಳಿ ಬೀಗದಕೈಗಳನ್ನು ಜೇಬಿಗೆ ಹಾಕಿಕೊಂಡರು.

ಈಗ ಕಟರುಗಳಿಗೆ ಬೇರೆ ಗಿರಾಕಿಗಳು ಹುಟ್ಟಿಕೊಂಡಿದ್ದಾರೆ. ಹೆಂಡತಿಯ ಸೋದರಮಾವನ ಮನೆಯಲ್ಲಿ ಹಲ್ಲು ಮುರಿದ ಹಳೆಯ ಗೋಡೆ ಗಡಿಯಾರವಿದೆ, ನಿಮ್ಮಲ್ಲಿ ಕಟರ್ ಇದೆಯಂತಲ್ಲ ಎಂದು ಕಳಿಸಿದ್ದಾರೆ. ಆ ಚಕ್ರಕ್ಕೆ 78 ಹಲ್ಲು, ಹೊರವ್ಯಾಸ 48.5. ಸೂತ್ರವನ್ನು ತಿರುವಿ ಹಾಕಿದರೆ ಮಾಡ್ಯೂಲ್ 0.6. ನನ್ನ ಕಟರ್ ನಡೆಯುವುದಿಲ್ಲ. ಅದಕ್ಕೆ ಎರಡೂಕಾಲು ಮಿಲಿಮೀಟರಿನ ಕಡ್ಡಿ ಬೇಕು, ಪೇಟೆಯಲ್ಲಿ ಎರಡೂವರೆಯದು ಸಿಕ್ಕಿತು; ಅದನ್ನು ಲೇತಿನಲ್ಲಿ ಇಳಿಸುತ್ತಿದ್ದೇನೆ. 78ಕ್ಕೆ ಮೇಲಿಟ್ಟಿದ್ದ 39ರ ವೃತ್ತದ ಫಲಕವನ್ನೂ ಗ್ರೀಸ್ ಒರೆಸಿ ಕೆಳಗಿಳಿಸಬೇಕು.